ಸಾಕೆಟ್ ನಾಲ್ಕು, ಸುದ್ದಿ ಒಂದಕ್ಕೇ: ಒಂದು ಯುಪಿಎಸ್, ಹಲವು ನ್ಯಾಸ್

ನಿಮಗಿದು ಗೊತ್ತೇ?

ಯುಪಿಎಸ್‌ನ ಬೆನ್ನಲ್ಲಿ ನಾಲ್ಕಾರು ಸಾಕೆಟ್ ಇರುತ್ತವೆ, ಯುಎಸ್‌ಬಿ ಕಿಂಡಿ ಮಾತ್ರ ಒಂದೇ. ಮೂರು ನ್ಯಾಸ್ ಪೆಟ್ಟಿಗೆಗಳನ್ನು ಒಂದೇ ಯುಪಿಎಸ್‌ಗೆ ಸಿಕ್ಕಿಸಿದವರ ತಲೆನೋವೆಲ್ಲ ಹುಟ್ಟುವುದು ಇಲ್ಲಿಂದಲೇ. ಕರೆಂಟು ಮೂರಕ್ಕೂ ಸಿಗುತ್ತದೆ. ‘ಕರೆಂಟು ಹೋಗಿದೆ, ಬ್ಯಾಟರಿಯೂ ಮುಗಿಯುತ್ತಾ ಬಂತು’ ಎಂಬ ಸುದ್ದಿ ಮಾತ್ರ ಕೇಬಲ್ ಹಾಕಿಸಿಕೊಂಡ ಒಂದಕ್ಕೇ. ಅದು ಮರ್ಯಾದೆಯಾಗಿ ಫೈಲುಗಳನ್ನು ಮುಚ್ಚಿ ಮಲಗುತ್ತದೆ. ಉಳಿದೆರಡು ಕೊನೆಯ ಕ್ಷಣದವರೆಗೂ ಬರೆಯುತ್ತಲೇ ಇದ್ದು ಥಟ್ಟನೆ ನಿಲ್ಲುತ್ತವೆ.

ನ್ಯಾಸ್ ಎಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್‌ಡಿಸ್ಕ್ ಪೆಟ್ಟಿಗೆ. ಮದುವೆ ಫೋಟೊ ಸ್ಟುಡಿಯೋ, ಆಡಿಟರ್ ಆಫೀಸು, ಸ್ಕ್ಯಾನಿಂಗ್ ಸೆಂಟರ್ ಎಲ್ಲೆಡೆ ಈಗ ಒಂದಾದರೂ ಇರುತ್ತದೆ. ಒಂದು ತುಂಬಿದ ಮೇಲೆ ಅದರ ಪಕ್ಕಕ್ಕೇ ಇನ್ನೊಂದು ಬರುತ್ತದೆ. ಹೊಸ ಯುಪಿಎಸ್ ಮಾತ್ರ ಬರುವುದಿಲ್ಲ.

ಯುಎಸ್‌ಬಿ ಹಬ್ ಹಾಕಿದರೆ ಸಮಸ್ಯೆ ಮುಗಿಯುವುದಿಲ್ಲವೇ? ಇಲ್ಲ. ಹಬ್ ಇರುವುದು ಒಂದು ಕಂಪ್ಯೂಟರಿಗೆ ಹಲವು ಸಾಧನಗಳನ್ನು ಜೋಡಿಸಲು. ಒಂದು ಸಾಧನವನ್ನು ಹಲವು ಕಂಪ್ಯೂಟರಿಗೆ ಹಂಚಲು ಅದರಿಂದಾಗದು. ಯುಎಸ್‌ಬಿ ವ್ಯವಸ್ಥೆಯಲ್ಲಿ ಯಜಮಾನ ಯಾವತ್ತೂ ಒಬ್ಬನೇ.

ಯುಪಿಎಸ್ ಕಂಪ್ಯೂಟರಿನ ಜೊತೆ ಮಾತಾಡುವ ಭಾಷೆಗೆ ಕೀಬೋರ್ಡ್ ಮತ್ತು ಮೌಸ್ ಬಳಸುವ ಎಚ್‌ಐಡಿ ವ್ಯವಸ್ಥೆಯೇ ತಳಹದಿ. ಅದರೊಳಗೆ ಬ್ಯಾಟರಿ, ಲೋಡ್, ವೋಲ್ಟೇಜ್ ಮುಂತಾದವನ್ನು ಹೇಗೆ ಹೇಳಬೇಕೆಂದು ನಿಗದಿ ಮಾಡಿದ ದಾಖಲೆ ಹೊರಬಂದದ್ದು 1997ರಲ್ಲಿ. ಹಾಗಾಗಿಯೇ ಬಹಳಷ್ಟು ಕಂಪನಿಗಳ ಯುಪಿಎಸ್‌ಗಳು ಯಾವುದೇ ಸಿಡಿ, ಡ್ರೈವರ್ ಕೇಳದೆ ಸುಮ್ಮನೆ ಚುಚ್ಚಿದರೆ ಗುರುತು ಹಿಡಿಸಿಕೊಳ್ಳುತ್ತವೆ.

ಯುಪಿಎಸ್ ಹಿಂಬದಿಯಲ್ಲಿ ಲ್ಯಾನ್ ಕಿಂಡಿಯಂತೆಯೇ ಕಾಣುವ ಒಂದು ತೂತು ಇದ್ದರೆ ಹುಷಾರು. ಎಪಿಸಿ ಕಂಪನಿಯ ಹಲವು ಯುಪಿಎಸ್ ಮಾದರಿಗಳಲ್ಲಿ ಅದು ಲ್ಯಾನ್ ಕಿಂಡಿಯಲ್ಲ, ಹತ್ತು ಪಿನ್ನಿನ ಡೇಟಾ ಕಿಂಡಿ. ಅದರ ಕೇಬಲ್ಲಿನ ಒಂದು ತುದಿ ಹಾಗಿದ್ದರೆ ಇನ್ನೊಂದು ತುದಿ ಯುಎಸ್‌ಬಿ. ಡಬ್ಬದ ಜೊತೆ ಬಂದ ಆ ಕೇಬಲ್ ಕಳೆದುಕೊಂಡವರು ಲ್ಯಾನ್ ವೈರು ಸಿಕ್ಕಿಸಿ, ‘ಸಾರ್, ಐಪಿ ಬರ್ತಾನೇ ಇಲ್ಲ’ ಎನ್ನುತ್ತಾ ಕೂರುತ್ತಾರೆ.

ಇನ್ನೊಂದು ಹಳೆಯ ಬಲೆ: ಸೀರಿಯಲ್ ಪೋರ್ಟ್ ಇರುವ ಹಳೆಯ ಸ್ಮಾರ್ಟ್ ಯುಪಿಎಸ್‌ಗೆ ಅಂಗಡಿಯ ಸಾಮಾನ್ಯ ಸೀರಿಯಲ್ ಕೇಬಲ್ ಹಾಕಿದರೆ, ಪಿನ್‌ಗಳ ಜೋಡಣೆ ಬೇರೆಯಾದ್ದರಿಂದ ಯುಪಿಎಸ್ ಅದನ್ನೇ ‘ಆಫ್ ಆಗು’ ಎಂಬ ಆಜ್ಞೆ ಎಂದುಕೊಂಡು ಆಫ್ ಆಗಿಬಿಡಬಹುದು. ಡೇಟಾ ಉಳಿಸಲು ಕೇಬಲ್ ಹಾಕಲು ಹೋಗಿ ಸರ್ವರ್ ಕೋಣೆಯನ್ನೇ ಕತ್ತಲು ಮಾಡಿದವರು ಲೋಕದಲ್ಲಿ ಕಡಿಮೆಯೇನಿಲ್ಲ.

ಹಾಗಾದರೆ ಸುದ್ದಿ ಹಂಚುವುದು ಹೇಗೆ? ಲ್ಯಾನ್ ಮೂಲಕ. ಯುಎಸ್‌ಬಿ ಕೇಬಲ್ ಇರುವ ಪೆಟ್ಟಿಗೆ ಮುಖ್ಯಸ್ಥ. ಉಳಿದವು ಅದನ್ನು ಆಗಾಗ ಕೇಳುತ್ತಿರುತ್ತವೆ, ‘ಕರೆಂಟಿದೆಯಾ?’ ಎಂದು. ಈ ಕೆಲಸಕ್ಕೆ ಜಗತ್ತೆಲ್ಲ ನೆಚ್ಚಿಕೊಂಡಿರುವ ತಂತ್ರಾಂಶ ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಚುಟುಕಾಗಿ ನಟ್. 1990ರ ದಶಕದಲ್ಲಿ ರಸೆಲ್ ಕ್ರೋಲ್ ಎಂಬ ಪ್ರೋಗ್ರಾಮರ್ ಶುರು ಮಾಡಿದ್ದು, ಇಂದಿಗೂ ಮುಕ್ತ, ಇಂದಿಗೂ ಪುಕ್ಕಟೆ. ಸಿನಾಲಜಿ, ಕ್ಯೂನ್ಯಾಪ್ ಮುಂತಾದ ತೈವಾನಿನ ನ್ಯಾಸ್‌ಗಳ ಚೆಂದದ ಸೆಟ್ಟಿಂಗ್ಸ್ ಪರದೆಯ ಹಿಂದೆ ಸದ್ದಿಲ್ಲದೆ ದುಡಿಯುತ್ತಿರುವುದೂ ಇದೇ.

ನಟ್‌ನ ಪೋರ್ಟ್ ಸಂಖ್ಯೆ 3493. ಅಂತರ್ಜಾಲದ ಸಂಖ್ಯೆಗಳನ್ನು ಹಂಚುವ ಐಎಎನ್‌ಎ ಸಂಸ್ಥೆಯೇ ಅದಕ್ಕೆಂದು ಕೊಟ್ಟದ್ದು. ಎಪಿಸಿ ಯುಪಿಎಸ್‌ಗಳಿಗೆಂದೇ ಇರುವ ಇನ್ನೊಂದು ಉಚಿತ ತಂತ್ರಾಂಶ ಎಪಿಸಿಯುಪಿಎಸ್‌ಡಿ ಬಳಸುವುದು 3551. ಎರಡರ ಕೆಲಸ ಒಂದೇ, ಆದರೆ ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಅರ್ಥವಾಗದು.

ಕಾಲು ಶತಮಾನ ಜನ ಬಳಸಿದ ಮೇಲೆ, 2022ರ ಆಗಸ್ಟ್‌ನಲ್ಲಿ ನಟ್‌ನ ಮಾತುಕತೆಯ ವಿಧಾನ ಅಂತರ್ಜಾಲದ ವಿಧಾನಗಳನ್ನು ಬರೆದಿಡುವ ಆರ್‌ಎಫ್‌ಸಿ ಮಾಲೆಯಲ್ಲಿ 9271 ಎಂಬ ಸಂಖ್ಯೆಯಲ್ಲಿ ದಾಖಲಾಯಿತು. ನೆಟ್‌ವರ್ಕ್ ಸಾಧನಗಳನ್ನು ದೂರದಿಂದ ವಿಚಾರಿಸಲು ದೊಡ್ಡ ಕಂಪನಿಗಳು ಬಳಸುವ ಎಸ್‌ಎನ್‌ಎಂಪಿ ಮೂಲಕ ಯುಪಿಎಸ್ ಜೊತೆ ಮಾತಾಡುವ ವಿಧಾನಕ್ಕೆ ಆ ಭಾಗ್ಯ 1994ರಲ್ಲೇ ಸಿಕ್ಕಿತ್ತು, ಆರ್‌ಎಫ್‌ಸಿ 1628ರ ರೂಪದಲ್ಲಿ. ಯುಪಿಎಸ್‌ನೊಳಗೆ ಈ ಭಾಷೆ ಆಡುವ ನೆಟ್‌ವರ್ಕ್ ಕಾರ್ಡ್ ಇದ್ದರೆ ಮುಖ್ಯಸ್ಥನ ಗೊಡವೆಯೇ ಇಲ್ಲ, ಎಲ್ಲ ನ್ಯಾಸ್‌ಗಳೂ ನೇರವಾಗಿ ಯುಪಿಎಸ್ಸನ್ನೇ ಕೇಳಬಹುದು. ಒಂದೇ ತೊಂದರೆ, ಆ ಕಾರ್ಡಿನ ಬೆಲೆ ಎಷ್ಟೋ ಸಲ ಸಣ್ಣ ಯುಪಿಎಸ್‌ನ ಬೆಲೆಯನ್ನೇ ಮೀರಿಸುತ್ತದೆ.

ಸಿನಾಲಜಿ ಪೆಟ್ಟಿಗೆ ತನ್ನ ಮುಖ್ಯಸ್ಥನ ಬಳಿ ಹುಡುಕುವ ಯುಪಿಎಸ್‌ನ ಹೆಸರು ‘ಯುಪಿಎಸ್’ ಎಂದೇ. ಬಳಕೆದಾರನ ಹೆಸರು ‘ಮಾನ್‌ಯೂಸರ್’, ಪಾಸ್‌ವರ್ಡ್ ‘ಸೀಕ್ರೆಟ್’! ಕ್ಯೂನ್ಯಾಪ್‌ನವರು ಅದೇ ಯುಪಿಎಸ್‌ಗೆ ‘ಕ್ಯೂನ್ಯಾಪ್‌ಯುಪಿಎಸ್’ ಎಂದು ನಾಮಕರಣ ಮಾಡಿದ್ದಾರೆ. ಎರಡು ಕಂಪನಿಗಳ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟವರು ‘ಒಳಗೆ ಎರಡರಲ್ಲೂ ನಟ್ ತಾನೇ, ಮಾತಾಡಿಕೊಳ್ಳುತ್ತವೆ ಬಿಡಿ’ ಎಂದುಕೊಂಡರೆ ಹೆಸರಿನಲ್ಲೇ ಎಡವುತ್ತಾರೆ. ಇದಕ್ಕೆ ಮದ್ದು ಹದಿನೈದು ವರ್ಷದ ಮಕ್ಕಳಿಗೂ ಗೊತ್ತಿರುವ ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ. ಅದನ್ನೇ ಮುಖ್ಯಸ್ಥನನ್ನಾಗಿ ಮಾಡಿ, ಯಾರ‍್ಯಾರು ಯಾವ ಹೆಸರು ಕೇಳುತ್ತಾರೋ ಆ ಹೆಸರುಗಳನ್ನೆಲ್ಲ ಅದರಲ್ಲಿ ಬರೆದಿಟ್ಟರೆ ಆಯಿತು. ಕೆಲವೇ ವಾಟ್ ಕುಡಿಯುವ ಆಸಾಮಿ. ಎಲ್ಲರೂ ಮಲಗಿದ ಮೇಲೂ ಎದ್ದಿದ್ದು ಕೊನೆಯ ಕೆಲಸ ಮುಗಿಸುತ್ತಾನೆ.

ಪೈಗೆ ನಟ್ ಹಾಕಿದ ಕೂಡಲೇ ಅದು ಕೆಲಸ ಮಾಡುತ್ತದೆ ಅಂದುಕೊಳ್ಳಬೇಡಿ. ಅದರ ಮೋಡ್ ಮೊದಲಿಗೆ ‘ನನ್’ ಎಂದಿರುತ್ತದೆ, ಅಂದರೆ ಏನೂ ಮಾಡಬೇಡ ಎಂದು. ಅದನ್ನು ‘ನೆಟ್‌ಸರ್ವರ್’ ಎಂದು ಬದಲಿಸಿದರೂ, ಕೇಳಿಸಿಕೊಳ್ಳುವ ವಿಳಾಸ 127.0.0.1 ಎಂದೇ ಉಳಿದಿರುತ್ತದೆ. ಅದು ತನ್ನ ಮಾತನ್ನು ಮಾತ್ರ ತಾನು ಕೇಳಿಸಿಕೊಳ್ಳುವ ಸ್ಥಿತಿ. ‘ನ್ಯಾಸ್‌ಗೆ ಯುಪಿಎಸ್ ಸಿಗುತ್ತಿಲ್ಲ’ ಎಂಬ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಈ ಎರಡು ಸಾಲು.

3493 ಪೋರ್ಟನ್ನು ರೂಟರಿನಿಂದ ಹೊರಜಗತ್ತಿಗೆ ತೆರೆಯಲೇಬಾರದು. ಬೇರೆಯಾಗಿ ಏರ್ಪಾಡು ಮಾಡದಿದ್ದರೆ ಅಲ್ಲಿ ಪಾಸ್‌ವರ್ಡ್ ಸೇರಿದಂತೆ ಎಲ್ಲವೂ ಬಿಚ್ಚು ಅಕ್ಷರಗಳಲ್ಲೇ ಓಡಾಡುತ್ತದೆ. ಪಾಸ್‌ವರ್ಡ್ ಏನೆಂದು ಈಗಷ್ಟೇ ಓದಿದಿರಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಯಾವುದನ್ನು ಗೊತ್ತೇ? ನೆಟ್‌ವರ್ಕ್ ಸ್ವಿಚ್ಚನ್ನು. ಅಂಗೈ ಅಗಲದ ಡಬ್ಬಿ, ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ. ಕರೆಂಟು ಹೋದ ಅರೆಕ್ಷಣದಲ್ಲಿ ಅದು ಸಾಯುತ್ತದೆ. ಹಿಂಬಾಲಕ ಪೆಟ್ಟಿಗೆಗಳು ಮುಖ್ಯಸ್ಥನನ್ನು ವಿಚಾರಿಸುವುದು ಐದೈದು ಸೆಕೆಂಡಿಗೊಮ್ಮೆ. ಹಾಗಾಗಿ ‘ಬ್ಯಾಟರಿಗೆ ಬಂದೆ’ ಎಂಬ ಮಾತು ದಾಟುವ ಮೊದಲೇ ದಾರಿ ಕಡಿದುಹೋಗಿರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಯುಪಿಎಸ್ ಬ್ಯಾಟರಿಯಲ್ಲಿದೆ ಎಂದು ತಿಳಿದ ಮೇಲೆ ಸಂಪರ್ಕ ತಪ್ಪಿದರೆ ನಟ್ ಕೆಟ್ಟದ್ದನ್ನೇ ಊಹಿಸಿ ಯಂತ್ರವನ್ನು ಮುಚ್ಚಿಸುತ್ತದೆ. ಕರೆಂಟಿದೆ ಎಂದು ತಿಳಿದಿದ್ದಾಗ ಸಂಪರ್ಕ ತಪ್ಪಿದರೆ ‘ಯುಪಿಎಸ್ ಸಿಗುತ್ತಿಲ್ಲ’ ಎಂದು ಗೊಣಗಿ ಸುಮ್ಮನಾಗುತ್ತದೆ. ಸ್ವಿಚ್ ಮೊದಲೇ ಸತ್ತ ಮನೆಯಲ್ಲಿ ನಡೆಯುವುದು ಈ ಎರಡನೆಯದು. ಎಲ್ಲ ಸೆಟ್ಟಿಂಗೂ ಸರಿ, ಹಸಿರು ಟಿಕ್ ಗುರುತೂ ಇದೆ, ಆದರೂ ಎರಡನೇ ನ್ಯಾಸ್ ಪ್ರತಿ ಸಲ ಬಿದ್ದೇ ಏಳುತ್ತದೆ. ಕಾರಣ ಹತ್ತು ವಾಟಿನ ಆ ಡಬ್ಬಿ.

ಹಾಗಾಗಿ ಯುಪಿಎಸ್‌ಗೆ ಮೊದಲು ಹಾಕಬೇಕಾದದ್ದು ಸ್ವಿಚ್, ಆಮೇಲೆ ನ್ಯಾಸ್‌ಗಳು. ವೈಫೈ ರೂಟರಿಗೆ ಈಗ ಅಂಗಡಿಯಲ್ಲಿ ಸಿಗುವ ಪುಟ್ಟ ಲಿಥಿಯಂ ಯುಪಿಎಸ್ ಇದ್ದರೂ ನಡೆಯುತ್ತದೆ. ಸುದ್ದಿ ದಾಟುವ ದಾರಿ ಜೀವಂತವಿದ್ದರೆ ಸಾಕು.

ನಟ್‌ನಲ್ಲಿ ಯುಪಿಎಸ್‌ನ ಮುಖ್ಯ ಸ್ಥಿತಿಗಳಿಗೆ ಎರಡೆರಡೇ ಅಕ್ಷರ. ಒಎಲ್ ಎಂದರೆ ಕರೆಂಟಿದೆ, ಒಬಿ ಎಂದರೆ ಬ್ಯಾಟರಿಯಲ್ಲಿದೆ, ಎಲ್‌ಬಿ ಎಂದರೆ ಬ್ಯಾಟರಿ ತಳ ಕಂಡಿದೆ, ಆರ್‌ಬಿ ಎಂದರೆ ಬ್ಯಾಟರಿ ಬದಲಿಸಿ. ಒಬಿ ಒಂದೇ ಬಂದರೆ ನಟ್ ಅವಸರ ಮಾಡುವುದಿಲ್ಲ. ಒಬಿ, ಎಲ್‌ಬಿ ಜೊತೆಯಾಗಿ ಬಂದಾಗ ಮುಖ್ಯಸ್ಥ ಮೂರಕ್ಷರದ ಬಾವುಟ ಹಾರಿಸುತ್ತಾನೆ: ಎಫ್‌ಎಸ್‌ಡಿ. ಎಲ್ಲರೂ ಮುಚ್ಚಿ ಎಂಬ ಕಡ್ಡಾಯ ಆಜ್ಞೆ ಅದು.

ಆಮೇಲೆ ನಡೆಯುವುದು ಕುತೂಹಲದ ಸಂಗತಿ. ಹಿಂಬಾಲಕರು ಒಬ್ಬೊಬ್ಬರಾಗಿ ಸಂಪರ್ಕ ಬಿಡಿಸಿಕೊಂಡು ಹೊರಡುತ್ತಾರೆ. ಮುಖ್ಯಸ್ಥ ಅವರಿಗಾಗಿ ಕಾಯುವುದು 15 ಸೆಕೆಂಡು. ಅಷ್ಟರಲ್ಲಿ ಹೋಗದವರಿಗಾಗಿ ಅವನು ಕಾಯುತ್ತಾ ಕೂರುವುದಿಲ್ಲ. ಹಿಂಬಾಲಕರ ಕಡೆಯೂ ಅದೇ ಗಡಿಯಾರ ಇದೆ: ಬ್ಯಾಟರಿ ತಳ ಕಂಡು 15 ಸೆಕೆಂಡಾದರೂ ಮುಖ್ಯಸ್ಥ ಬಾವುಟ ಹಾರಿಸದಿದ್ದರೆ, ಅವನೇ ಕೆಟ್ಟು ಕೂತಿದ್ದಾನೆ ಎಂದು ತಿಳಿದು ತಾವೇ ಮುಚ್ಚಿಕೊಳ್ಳುತ್ತಾರೆ. ಆದರೆ ಸಂಪರ್ಕ ಬಿಡಿಸಿಕೊಂಡರು ಎಂದರೆ ಮುಚ್ಚಲು ಶುರು ಮಾಡಿದರು ಎಂದಷ್ಟೇ ಅರ್ಥ, ಮುಚ್ಚಿ ಮುಗಿಸಿದರು ಎಂದಲ್ಲ. ನಾಲ್ಕು ಡಿಸ್ಕಿನ ನ್ಯಾಸ್ ಎಲ್ಲ ಸೇವೆಗಳನ್ನೂ ನಿಲ್ಲಿಸಿ ಮಲಗಲು ಒಂದೆರಡು ನಿಮಿಷ ಬೇಕಾಗಬಹುದು. ಮುಖ್ಯಸ್ಥನ ಕೊನೆಯ ಕಾಯುವಿಕೆ ಮೊದಲಿಗೆ ಬರೀ 5 ಸೆಕೆಂಡು ಎಂದಿರುತ್ತದೆ. ಇರುವ ಪೆಟ್ಟಿಗೆಗಳಲ್ಲಿ ಅತಿ ನಿಧಾನದ್ದು ಯಾವುದೆಂದು ಗಡಿಯಾರ ಹಿಡಿದು ನೋಡಿ, ಅದಕ್ಕೆ ತಕ್ಕಂತೆ ಈ ಸಂಖ್ಯೆ ಏರಿಸದವರು ಯುಪಿಎಸ್ ಹಂಚಿಕೊಂಡೂ ಪ್ರಯೋಜನವಿಲ್ಲ.

ಎಲ್ಲ ಮಲಗಿದ ಮೇಲೆ ಯುಪಿಎಸ್ ತಾನೇ ಬೇಕೆಂದು ಸಾಕೆಟ್‌ಗಳ ಕರೆಂಟು ಕಡಿಯಬೇಕು. ಏಕೆ ಗೊತ್ತೇ? ನ್ಯಾಸ್ ಮಲಗಿದ ಅರ್ಧ ನಿಮಿಷಕ್ಕೆ ಕರೆಂಟು ಬಂತೆನ್ನಿ. ಯುಪಿಎಸ್ ಇನ್ನೂ ಜೀವಂತವಿತ್ತು, ಸಾಕೆಟ್‌ನಲ್ಲಿ ಕರೆಂಟು ತಪ್ಪಲೇ ಇಲ್ಲ. ‘ಕರೆಂಟು ಹೋಗಿ ಬಂದರೆ ಏಳು’ ಎಂದು ನ್ಯಾಸ್‌ಗೆ ಹೇಳಿಟ್ಟಿದ್ದೀರಿ. ಅದರ ಪಾಲಿಗೆ ಹೋಗಲೂ ಇಲ್ಲ, ಬರಲೂ ಇಲ್ಲ. ಬೆಳಿಗ್ಗೆ ಆಫೀಸಿಗೆ ಬಂದವರು ಬಟನ್ ಒತ್ತುವವರೆಗೆ ಅದು ಮಲಗಿಯೇ ಇರುತ್ತದೆ. ಈ ಇಕ್ಕಟ್ಟು ತಪ್ಪಿಸಲು ಮುಖ್ಯಸ್ಥ ತನ್ನ ಕೊನೆಯುಸಿರಿನಲ್ಲಿ ಯುಪಿಎಸ್‌ಗೆ ‘ಇಷ್ಟು ಸೆಕೆಂಡಾದ ಮೇಲೆ ಕಡಿ, ಕರೆಂಟು ಬಂದರೆ ಮತ್ತೆ ಕೊಡು’ ಎಂದು ಹೇಳಿ ಹೋಗುತ್ತಾನೆ. ಯುಎಸ್‌ಬಿ ಯುಪಿಎಸ್‌ಗಳಿಗೆ ನಟ್ ಮೊದಲಿಗೆ ಇಟ್ಟಿರುವ ಅಂತರ 20 ಸೆಕೆಂಡು. ಹಿಂಬಾಲಕರಿಗೆ ಇದನ್ನು ಹೇಳುವ ಅಧಿಕಾರವಿಲ್ಲ. ಒಬ್ಬ ಹಿಂಬಾಲಕ ಆತುರಪಟ್ಟು ಕಡಿಸಿಬಿಟ್ಟರೆ ಉಳಿದವರ ಗತಿ ಏನಾಗಬೇಕು?

ನಮ್ಮ ಕಡೆ ಕರೆಂಟು ಬರುವುದೂ ಒಂದೇ ಸಲಕ್ಕಲ್ಲ. ಮಳೆಗಾಲದಲ್ಲಿ ಲೈನ್ ಬಂದು, ಹೋಗಿ, ಮತ್ತೆ ಬಂದು, ಆಮೇಲೆ ನಿಲ್ಲುತ್ತದೆ. ಬ್ಯಾಟರಿ ಖಾಲಿಯಾಗಿರುವಾಗ ನ್ಯಾಸ್‌ಗಳು ಎದ್ದು, ಡಿಸ್ಕ್ ತಿರುಗಿ, ಫೈಲ್‌ಗಳನ್ನು ತೆರೆಯುವಷ್ಟರಲ್ಲಿ ಮತ್ತೆ ಹೋದರೆ ಈ ಸಲ ಕಾಪಾಡಲು ಏನೂ ಉಳಿದಿರುವುದಿಲ್ಲ. ಒಳ್ಳೆಯ ಯುಪಿಎಸ್‌ಗಳಲ್ಲಿ ‘ಬ್ಯಾಟರಿ ಇಂತಿಷ್ಟು ಶೇಕಡಾ ತುಂಬುವವರೆಗೆ ಸಾಕೆಟ್ ಆನ್ ಮಾಡಬೇಡ’ ಎಂಬ ಸೆಟ್ಟಿಂಗ್ ಇರುತ್ತದೆ. ಮಲೆನಾಡಿನವರು ಯುಪಿಎಸ್ ಕೊಳ್ಳುವಾಗ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಎಷ್ಟು ನಿಮಿಷ ಬ್ಯಾಕಪ್ ಎಂದಷ್ಟೇ ಎಲ್ಲರೂ ಕೇಳುತ್ತಾರೆ.

ಮಲಗಿದ ನ್ಯಾಸನ್ನು ಎಬ್ಬಿಸಲು ಇನ್ನೊಂದು ಉಪಾಯ ವೇಕ್ ಆನ್ ಲ್ಯಾನ್. ಈ ಎಬ್ಬಿಸುವ ಪೊಟ್ಟಣದ ಗಾತ್ರ ಬರೀ 102 ಬೈಟ್: ಮೊದಲು ಆರು ಬೈಟ್ ಪೂರ್ತಿ ಒಂದುಗಳು, ಆಮೇಲೆ ಆ ಯಂತ್ರದ ಮ್ಯಾಕ್ ವಿಳಾಸ ಹದಿನಾರು ಸಲ. ಮುಖ್ಯಸ್ಥ ಪೈ ತಾನು ಎದ್ದ ಮೇಲೆ, ಬ್ಯಾಟರಿ ಸಾಕಷ್ಟು ತುಂಬಿದೆಯೇ ಎಂದು ನೋಡಿ, ಉಳಿದವರನ್ನು ಒಬ್ಬೊಬ್ಬರನ್ನಾಗಿ ಕೂಗಿ ಎಬ್ಬಿಸುವ ಹಾಗೆ ಸ್ಕ್ರಿಪ್ಟ್ ಬರೆದಿಡುವವರಿದ್ದಾರೆ.

ಒಬ್ಬೊಬ್ಬರನ್ನಾಗಿ ಏಕೆ? 3.5 ಇಂಚಿನ ಹಾರ್ಡ್‌ಡಿಸ್ಕ್ ನಿಂತಲ್ಲಿಂದ ತಿರುಗಲು ಶುರು ಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವಾಟ್. ತಿರುಗಿದ ಮೇಲೆ ಅದರ ಕಾಲುಭಾಗ ಸಾಕು. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ 190 ವಾಟ್ ದಾಟುತ್ತದೆ. ಅದಕ್ಕೇ ಬಹಳಷ್ಟು ನ್ಯಾಸ್‌ಗಳು ಡಿಸ್ಕ್‌ಗಳನ್ನು ಸರದಿಯಲ್ಲಿ ತಿರುಗಿಸುತ್ತವೆ. ಕಿವಿಗೊಟ್ಟರೆ ಒಂದಾದ ಮೇಲೊಂದು ಗುಂಯ್ ಎನ್ನುವುದು ಕೇಳಿಸುತ್ತದೆ.

ಕರೆಂಟು ಥಟ್ಟನೆ ಹೋದಾಗ ಹಾರ್ಡ್‌ಡಿಸ್ಕ್ ತನ್ನನ್ನು ತಾನೇ ಉಳಿಸಿಕೊಳ್ಳುವ ಬಗೆ ಗೊತ್ತೇ? ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುವ ಓದುಗ ತಲೆ ತಟ್ಟೆಗೆ ತಾಗುವ ಮೊದಲು ಪಕ್ಕಕ್ಕೆ ಸರಿಯಬೇಕು. ಅದಕ್ಕೆ ಶಕ್ತಿ ಎಲ್ಲಿಂದ? ಇನ್ನೂ ರಭಸದಿಂದ ಸುತ್ತುತ್ತಿರುವ ತಟ್ಟೆಯಿಂದಲೇ. ಮೋಟಾರು ಆ ಕ್ಷಣಕ್ಕೆ ಡೈನಮೊ ಆಗಿ, ತಲೆಯನ್ನು ಹಿಂದಕ್ಕೆಳೆಯಲು ಬೇಕಾದಷ್ಟು ಕರೆಂಟು ತಾನೇ ಹುಟ್ಟಿಸುತ್ತದೆ. ಇಂಥ ತುರ್ತು ಎಳೆತ ಎಷ್ಟು ಸಲ ಆಗಿದೆ ಎಂಬುದನ್ನು ಡಿಸ್ಕ್ ಲೆಕ್ಕವಿಡುತ್ತದೆ. ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ 192 ಎಂಬ ಗುರುತಿನ ಸಾಲು ಅದೇ. ನಿಮ್ಮ ಎರಡನೇ ನ್ಯಾಸ್ ಸರಿಯಾಗಿ ಮಲಗುತ್ತಿದೆಯೋ ಇಲ್ಲವೋ ಎಂಬ ಗುಮಾನಿ ಇದ್ದರೆ, ಒಂದು ಪವರ್‌ಕಟ್‌ನ ಮೊದಲು ಮತ್ತು ಆಮೇಲೆ ಆ ಸಂಖ್ಯೆಯನ್ನು ನೋಡಿ.

ಡಿಸ್ಕ್ ಉಳಿಯಿತು ಎಂದರೆ ಡೇಟಾ ಉಳಿಯಿತು ಎಂದಲ್ಲ. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ತಮ್ಮ ಪ್ರಬಂಧದಲ್ಲಿ ಮುಂದಿಟ್ಟ, ಹಲವು ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ರೇಡ್ ವಿಧಾನದಲ್ಲಿ, ಐದನೇ ಬಗೆಯದು ಮೂರ‍್ನಾಲ್ಕು ಡಿಸ್ಕ್‌ಗಳ ಮೇಲೆ ಡೇಟಾವನ್ನೂ, ಒಂದು ಡಿಸ್ಕ್ ಕೆಟ್ಟರೆ ಮತ್ತೆ ಕಟ್ಟಲು ಬೇಕಾದ ತಾಳೆಯನ್ನೂ ಹರಡಿಡುತ್ತದೆ. ಡೇಟಾ ಬರೆದು ತಾಳೆ ಬರೆಯುವಷ್ಟರಲ್ಲಿ ಕರೆಂಟು ಹೋದರೆ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ. ವಿಚಿತ್ರ ಎಂದರೆ ಆಗ ಏನೂ ಗೊತ್ತಾಗುವುದಿಲ್ಲ. ಫೋಟೊಗಳು ತೆರೆಯುತ್ತವೆ, ಲೆಕ್ಕ ಸರಿಯಿರುತ್ತದೆ. ಎಂದೋ ಒಂದು ಡಿಸ್ಕ್ ಕೆಟ್ಟು, ಅದರೊಳಗಿದ್ದುದನ್ನು ತಾಳೆಯಿಂದ ಮತ್ತೆ ಕಟ್ಟುವಾಗ ತಪ್ಪು ಡೇಟಾ ಹುಟ್ಟುತ್ತದೆ. ಇದನ್ನು ರೈಟ್ ಹೋಲ್ ಎನ್ನುತ್ತಾರೆ. ಜೆಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಹಳೆಯದರ ಮೇಲೆ ಬರೆಯದೆ ಹೊಸ ಜಾಗದಲ್ಲೇ ಬರೆಯುವುದರಿಂದ ಈ ಹೊಂಡಕ್ಕೆ ಬೀಳುವುದಿಲ್ಲ. ಉಳಿದವರಲ್ಲಿ ಬಹಳಷ್ಟು ಮಂದಿಗೆ ಯುಪಿಎಸ್ಸೇ ಗತಿ.

ಬಿದ್ದೆದ್ದ ರೇಡ್ ತಾಳೆ ನೋಡಿಕೊಳ್ಳಲು ಎಷ್ಟು ಹೊತ್ತು? ಯಾವ ಭಾಗ ಬದಲಾಗುತ್ತಿತ್ತು ಎಂಬ ಟಿಪ್ಪಣಿ ಇಟ್ಟುಕೊಳ್ಳದಿದ್ದರೆ ಇಡೀ ಡಿಸ್ಕನ್ನೇ ಓದಬೇಕು. 8 ಟೆರಾಬೈಟ್ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ ಹೆಚ್ಚುಕಡಿಮೆ 15 ಗಂಟೆ. ಅಷ್ಟರೊಳಗೆ ಮತ್ತೊಮ್ಮೆ ಕರೆಂಟು ಹೋಗದಿರಲಿ.

600 ವಿಎ ಯುಪಿಎಸ್ 600 ವಾಟ್ ಕೊಡುವುದಿಲ್ಲ. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಸಾಮಾನ್ಯವಾಗಿ 360 ವಾಟ್ ಎಂದಿರುತ್ತದೆ. ನ್ಯಾಸ್‌ಗಳ ಮಟ್ಟಿಗೆ ಅದೇ ಧಾರಾಳ. ನಾಲ್ಕು ಡಿಸ್ಕಿನದಕ್ಕೆ 35 ವಾಟ್, ಎರಡು ಡಿಸ್ಕಿನದಕ್ಕೆ 20, ಸ್ವಿಚ್ಚು ರೂಟರಿಗೆ 20 ಹಿಡಿದರೂ ಒಟ್ಟು 75. ಆದ್ದರಿಂದ ಯುಪಿಎಸ್ ಹಂಚಿಕೊಳ್ಳುವವರು ಚಿಂತಿಸಬೇಕಾದದ್ದು ವಾಟಿನ ಬಗ್ಗೆ ಅಲ್ಲ, ನಿಮಿಷಗಳ ಬಗ್ಗೆ.

ಆ ನಿಮಿಷಗಳ ಲೆಕ್ಕವೋ, ಮೋಸದ ಲೆಕ್ಕ. ಸಣ್ಣ ಯುಪಿಎಸ್‌ನೊಳಗಿನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವಾಟ್-ಅವರ್ ಇದೆ. 75 ವಾಟಿಗೆ ಭಾಗಿಸಿದರೆ 67 ನಿಮಿಷ. ಸಿಗುವುದು ಅದರ ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ. ಕಾರಣವೇನೆಂದರೆ, ಆ 7 ಎಂಬ ಸಂಖ್ಯೆ ಅಳೆದಿರುವುದು 20 ಗಂಟೆ ಕಾಲ ಹನಿಹನಿಯಾಗಿ, 0.35 ಆಂಪಿಯರಿನಂತೆ ಬಳಸಿದಾಗ. ನಾವು ಎಳೆಯುವುದು ಇನ್ವರ್ಟರ್ ಭಾಗದ ನಷ್ಟವೂ ಸೇರಿ 7-8 ಆಂಪಿಯರ್, ಇಪ್ಪತ್ತು ಪಟ್ಟಿಗೂ ಹೆಚ್ಚು. ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಒಟ್ಟಾರೆ ಕೊಡುವುದೇ ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿಟ್ಟರು. ಈ ಬ್ಯಾಟರಿಯಾದರೂ ಹೊಸದೇ? ಫ್ರಾನ್ಸಿನ ಗಾಸ್ತೊನ್ ಪ್ಲಾಂಟೆ ಅದನ್ನು ಮಾಡಿದ್ದು 1859ರಲ್ಲಿ.

ಒಂದು ನ್ಯಾಸ್ ಇದ್ದ ಯುಪಿಎಸ್‌ಗೆ ಅಷ್ಟೇ ವಾಟಿನ ಇನ್ನೊಂದು ಸೇರಿಸಿದರೆ ಬ್ಯಾಕಪ್ ಅರ್ಧವಾಗುವುದಿಲ್ಲ, ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪ್ಯೂಕರ್ಟ್ ಮಹಾಶಯರ ಕೃಪೆ. ಆದ್ದರಿಂದ ಮುಖ್ಯವಲ್ಲದ ಪೆಟ್ಟಿಗೆಯನ್ನು ‘ಕರೆಂಟು ಹೋಗಿ ಎರಡು ನಿಮಿಷಕ್ಕೇ ಮಲಗು’ ಎಂದು ಒಪ್ಪಿಸಿ, ಉಳಿದ ನಿಮಿಷಗಳನ್ನು ಮುಖ್ಯವಾದದ್ದಕ್ಕೆ ಬಿಟ್ಟುಕೊಡುವುದು ಜಾಣತನ. ಬ್ಯಾಕಪ್‌ನ ಬ್ಯಾಕಪ್ ಇಟ್ಟುಕೊಂಡ ನ್ಯಾಸ್ ಅರ್ಧ ಗಂಟೆ ಎದ್ದಿದ್ದು ಯಾರನ್ನು ಉದ್ಧಾರ ಮಾಡಬೇಕಿದೆ?

ಬ್ಯಾಟರಿಯ ಶತ್ರು ಪವರ್‌ಕಟ್ಟಲ್ಲ, ಸೆಕೆ. ಉಷ್ಣತೆ 25 ಡಿಗ್ರಿಯಿಂದ ಪ್ರತಿ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ವೃತ್ತಿಯವರ ಅಂದಾಜು. ಮೂರರಿಂದ ಐದು ವರ್ಷ ಬರಬೇಕಾದದ್ದು, 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯ ಮೂಲೆಯಲ್ಲಿ, ಮೂರು ನ್ಯಾಸ್‌ಗಳ ಬಿಸಿಗಾಳಿಯ ಎದುರು ಎಷ್ಟು ವರ್ಷ ಬಂದೀತು ನೀವೇ ಹೇಳಿ. ಯುಪಿಎಸ್ ಕೆಳಗಿರಲಿ, ನ್ಯಾಸ್‌ನ ಫ್ಯಾನು ಅದರತ್ತ ಊದದಿರಲಿ.

ಹಳೆಯ ಬ್ಯಾಟರಿ ಸುಳ್ಳು ಹೇಳುತ್ತದೆ. ಪರದೆಯಲ್ಲಿ ಶೇ 100 ಎಂದು ತೋರಿಸುತ್ತಲೇ ಇದ್ದು, ಲೋಡ್ ಬಿದ್ದ ಅರ್ಧ ನಿಮಿಷದಲ್ಲಿ ಕುಸಿಯುತ್ತದೆ. ಎಲ್‌ಬಿ ಸುದ್ದಿ ಬಂದು, 15 ಸೆಕೆಂಡು ಕಾದು, ನ್ಯಾಸ್ ಮಲಗಲು ಬೇಕಾದಷ್ಟು ವ್ಯವಧಾನವೇ ಸಿಗುವುದಿಲ್ಲ. ವರ್ಷಕ್ಕೆರಡು ಸಲ ಗೋಡೆಯ ಸ್ವಿಚ್ಚು ಆಫ್ ಮಾಡಿ ನಿಜವಾಗಿ ಪರೀಕ್ಷಿಸಬೇಕು. ನಟ್‌ನಲ್ಲಿ ಎಫ್‌ಎಸ್‌ಡಿ ಬಾವುಟವನ್ನು ಕೈಯಾರೆ ಹಾರಿಸಿ ಕವಾಯತು ಮಾಡಿಸುವ ಆಜ್ಞೆಯೂ ಇದೆ. ಆದರೆ ಅದು ನಾಟಕವಲ್ಲ, ಎಲ್ಲವೂ ನಿಜವಾಗಿಯೇ ಮುಚ್ಚುತ್ತವೆ. ಜಿಎಸ್‌ಟಿ ಕೊನೆಯ ದಿನ ಆಡಿಟರ್ ಆಫೀಸಿನಲ್ಲಿ ಮಾಡಬೇಡಿ.

‘ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ?’ ಒಳ್ಳೆಯ ಪ್ರಶ್ನೆ. 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವಾಟ್-ಅವರ್ ಇದೆ, ನಮ್ಮ 75 ವಾಟಿನ ಸಂಸಾರಕ್ಕೆ ಗಂಟೆಗಟ್ಟಲೆ ಸಾಕು. ಸಮಸ್ಯೆ ಎರಡು. ಮೊದಲನೆಯದು ಬದಲಾಗುವ ಹೊತ್ತು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡು. ಕಂಪ್ಯೂಟರ್ ಸಾಧನಗಳು ಸಾಮಾನ್ಯವಾಗಿ ಅಷ್ಟು ಹೊತ್ತಿನ ಕತ್ತಲನ್ನು ತಡೆದುಕೊಳ್ಳಬೇಕೆಂಬುದು ಉದ್ಯಮ ಒಪ್ಪಿದ ಮಟ್ಟ. ಇನ್ವರ್ಟರಿನ ಹಿಂದಿನ ಪುಟ್ಟ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿದ್ದರೆ ಅದರೊಳಗೆ ದಾಟುತ್ತದೆ, ಇನ್ನೊಂದು ಮೋಡ್‌ನಲ್ಲಿ ತಡವಾಗಬಹುದು. ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ, ನ್ಯಾಸ್‌ಗೆ ಜೀವದ ಪ್ರಶ್ನೆ. ಎರಡನೆಯದು, ಸಾಮಾನ್ಯ ಮನೆ ಇನ್ವರ್ಟರಿಗೆ ಬಾಯಿಯಿಲ್ಲ. ಬ್ಯಾಟರಿ ಮುಗಿಯುವಾಗ ಬೀಪ್ ಎನ್ನುತ್ತದೆಯೇ ಹೊರತು ಕಂಪ್ಯೂಟರಿಗೆ ಹೇಳುವ ಕೇಬಲ್ಲೇ ಅದಕ್ಕಿಲ್ಲ.

ಬಾಯಿಲ್ಲದ ಇನ್ವರ್ಟರಿಗೆ ಬಾಯಿ ಕೊಡುವ ಉಪಾಯವೊಂದಿದೆ. ಗೀಸರ್ ಪಾಯಿಂಟಿಗೆ ಸಾಮಾನ್ಯವಾಗಿ ಇನ್ವರ್ಟರ್ ಸಂಪರ್ಕ ಇರುವುದಿಲ್ಲ. ಅಂಥ ಪಾಯಿಂಟಿಗೆ ಮೂಲೆಗೆ ಬಿದ್ದಿರುವ ಹಳೆಯ ವೈಫೈ ರೂಟರನ್ನು ಹಾಕಿಡಿ. ಮುಖ್ಯಸ್ಥ ಪೈ ಅದನ್ನು ಆಗಾಗ ಪಿಂಗ್ ಮಾಡುತ್ತಿರಲಿ. ಉತ್ತರ ಬಂದರೆ ಮನೆಗೆ ಕರೆಂಟಿದೆ. ಹತ್ತು ನಿಮಿಷ ಸತತ ಉತ್ತರವಿಲ್ಲವೆಂದರೆ ಹೋಗಿದೆ, ಇನ್ನಿಷ್ಟು ಹೊತ್ತು ಕಾದು ನ್ಯಾಸ್‌ಗಳನ್ನು ಮುಚ್ಚಿಸಬೇಕು. ಬ್ಯಾಟರಿ ಎಷ್ಟಿದೆ ಎಂಬುದು ಇದರಿಂದ ತಿಳಿಯದು, ಆದರೂ ಏನೂ ಇಲ್ಲದ್ದಕ್ಕಿಂತ ನೂರು ಪಾಲು ಮೇಲು.

ಇನ್ವರ್ಟರಿನ ಹಿಂದೆ ಯುಪಿಎಸ್ ಹಾಕಬಹುದೇ? ಸೈನ್ ವೇವ್ ಇನ್ವರ್ಟರ್ ಆದರೆ ಸಾಮಾನ್ಯವಾಗಿ ಹೊಂದುತ್ತದೆ. ಹಳೆಯ ಸ್ಕ್ವೇರ್ ವೇವ್ ಆದರೆ ಯುಪಿಎಸ್ ಆ ಕರೆಂಟನ್ನು ಕರೆಂಟೆಂದೇ ಒಪ್ಪದೆ ತನ್ನ ಬ್ಯಾಟರಿಯನ್ನೇ ಸುಡುತ್ತಾ ಕೂರುವುದುಂಟು. ಇನ್ವರ್ಟರ್ ತುಂಬಿ ತುಳುಕುತ್ತಿರುವಾಗಲೇ ನ್ಯಾಸ್ ಮಲಗಿಬಿಡುತ್ತದೆ.

ಯುಪಿಎಸ್‌ನ ಎಲ್ಲ ಸಾಕೆಟ್‌ಗಳಿಗೂ ಬ್ಯಾಟರಿ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಅರ್ಧದಷ್ಟು ಸಾಕೆಟ್‌ಗಳು ಸಿಡಿಲು, ಏರಿಳಿತದಿಂದ ಕಾಯಲು ಮಾತ್ರ. ಲೇಬಲ್ ಓದದೆ ನ್ಯಾಸ್ ಸಿಕ್ಕಿಸಿದವರ ಪಾಡು ಕೇಳಬೇಡಿ.

ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲೇಬಾರದು. ಕಾಗದ ಕಾಯಿಸುವ ಕ್ಷಣಕ್ಕೆ ಅದು 800 ವಾಟ್‌ಗೂ ಮಿಕ್ಕಿ ಎಳೆಯಬಲ್ಲದು. ಕರೆಂಟಿಲ್ಲದಾಗ ಯಾರೋ ಒಂದು ರಸೀದಿ ಮುದ್ರಿಸಲು ಹೋದರೆ ಓವರ್‌ಲೋಡ್ ಆಗಿ ಎಲ್ಲ ನ್ಯಾಸ್‌ಗಳೂ ಒಟ್ಟಿಗೆ ಮುಗಿದವು.

ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ. ಮನೆಯಿಂದ ತೋಟದ ಆಫೀಸಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಆ ದಾರಿಯಲ್ಲೂ ಬರುತ್ತದೆ, ಯುಪಿಎಸ್ ನೋಡುತ್ತಾ ನಿಂತಿರುತ್ತದೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಸಿದರೆ ಆ ಭಯವಿಲ್ಲ, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ.

ದೊಡ್ಡವರು ಏನು ಮಾಡುತ್ತಾರೆ? 2009ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ಸರ್ವರನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದಾಗ ಎಲ್ಲರ ಕಣ್ಣು ಬಿದ್ದದ್ದು ಅದರ ಪಕ್ಕಕ್ಕೆ ಕಟ್ಟಿದ್ದ 12 ವೋಲ್ಟಿನ ಬ್ಯಾಟರಿಯ ಮೇಲೆ. ಒಂದೊಂದು ಸರ್ವರಿಗೂ ತನ್ನದೇ ಬ್ಯಾಟರಿ, ಹಂಚಿಕೊಳ್ಳುವ ಮಾತೇ ಇಲ್ಲ! ಎರಡು ವರ್ಷದ ಮೇಲೆ ಫೇಸ್‌ಬುಕ್ ಅಮೆರಿಕದ ಪ್ರೈನ್‌ವಿಲ್‌ನಲ್ಲಿ ತೆರೆದ ಡೇಟಾ ಸೆಂಟರಿನಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು: ಎರಡು ರ‍್ಯಾಕ್‌ಗಳ ನಡುವೆ 48 ವೋಲ್ಟಿನ ಒಂದು ಬ್ಯಾಟರಿ ಕಪಾಟು, ಅದನ್ನು ಹಂಚಿಕೊಳ್ಳುವ 180 ಸರ್ವರ್. ಎರಡೂ ಕಡೆ ಲೆಕ್ಕ ಹಾಕಿದವರು ಘಟಾನುಘಟಿ ಎಂಜಿನಿಯರ್‌ಗಳೇ.

ಬ್ಯಾಟರಿ ಬದಲಿಸಿದ ದಿನಾಂಕವನ್ನು ಯುಪಿಎಸ್‌ನ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಡಿ, ಮುಂದೆ ಯಾರ ನೆನಪನ್ನೂ ನಂಬಬೇಕಾಗಿಲ್ಲ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಒಪ್ಪುವುದಿಲ್ಲ, ಒಳಗಿರುವುದು ಸೀಸ ಮತ್ತು ಗಂಧಕಾಮ್ಲ. ಹೊಸದನ್ನು ತರುವಾಗ ಅಂಗಡಿಗೆ ಹಳೆಯದನ್ನೂ ಹೊತ್ತೊಯ್ದರೆ ಬಿಲ್ಲಿನಲ್ಲಿ ಎಕ್ಸ್‌ಚೇಂಜ್ ಎಂದು ಸ್ವಲ್ಪ ಕಡಿತ ಸಿಗುತ್ತದೆ. ಕೇಳಿದರೆ ಮಾತ್ರ!